ಡಾರ್ಚೆಸ್ಟರ್: ಥಾಮಸ್ ಹಾರ್ಡಿಯ ಸಂತೆ ಊರಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಡಾರ್ಚೆಸ್ಟರ್?

ಇಂಗ್ಲೆಂಡಿನ ನೈರುತ್ಯದಲ್ಲಿ, ಡಾರ್ಸೆಟ್ ಕೌಂಟಿಯ ಮುಖ್ಯಪಟ್ಟಣ. ಫ್ರೂಮ್ ನದಿಯ ದಂಡೆಯ ಮೇಲಿದೆ. ಜನಸಂಖ್ಯೆ ಸುಮಾರು 21 ಸಾವಿರ. ರೋಮನ್ನರ ಕಾಲದಲ್ಲಿ ಇದರ ಹೆಸರು ಡರ್ನೊವೇರಿಯಾ. ಇಂಗ್ಲಿಷ್ ಕಾದಂಬರಿಕಾರ, ಕವಿ ಥಾಮಸ್ ಹಾರ್ಡಿಯ ಕಾದಂಬರಿಗಳಲ್ಲಿ ಬರುವ ‘ಕ್ಯಾಸ್ಟರ್‌ಬ್ರಿಜ್’ ಇದೇ ಊರು.

ಪ್ರಶ್ನೆ ತಮಾಷೆಯಂತೆ ಕಂಡರೂ ಎಡವುವವರು ಇಲ್ಲೇ ಎಡವುತ್ತಾರೆ. ಆಕ್ಸ್‌ಫರ್ಡ್ ಹತ್ತಿರ ಡಾರ್ಚೆಸ್ಟರ್-ಆನ್-ಥೇಮ್ಸ್ ಎಂಬ ಇನ್ನೊಂದು ಊರಿದೆ. ಲಂಡನ್‌ನಲ್ಲಿ ಅದೇ ಹೆಸರಿನ ದುಬಾರಿ ಹೋಟೆಲ್ ಇದೆ. ರೂಮ್ ಬುಕ್ ಮಾಡುವಾಗಲೂ ಫೋನಿನ ನಕ್ಷೆಯಲ್ಲಿ ದಾರಿ ಹಾಕುವಾಗಲೂ ಪೋಸ್ಟ್‌ಕೋಡ್ ಡಿಟಿ1 ಎಂದು ಶುರುವಾಗುತ್ತದೆಯೇ ನೋಡಿಕೊಳ್ಳಿ.

ಹಾರ್ಡಿಯನ್ನು ಓದದೆ ಹೋದರೆ ಏನಾದರೂ ದಕ್ಕುತ್ತದೆಯೇ?

ರೋಮನ್ ಅವಶೇಷ, ಕಬ್ಬಿಣಯುಗದ ಕೋಟೆ, ಹಳೆಯ ನ್ಯಾಯಾಲಯ ಎಲ್ಲವೂ ಇವೆ, ಹಾಗಾಗಿ ಬರಿಗೈಯಲ್ಲಿ ಬರುವುದಿಲ್ಲ. ಆದರೂ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ಒಂದನ್ನು ಓದಿಕೊಂಡು ಹೋಗಿ. ಕರ್ನಾಟಕದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಸಾಮಾನ್ಯವಾಗಿ ‘ಟೆಸ್’ (ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್ವಿಲ್ಸ್’ ಕಾದಂಬರಿ) ಹಿಡಿದು ಬರುತ್ತಾರೆ. ಟೆಸ್‌ಳ ಕಥೆ ಡಾರ್ಸೆಟ್‌ನ ಉದ್ದಗಲಕ್ಕೂ ಹರಡಿಕೊಂಡಿದೆ, ಅದನ್ನು ಬೆನ್ನಟ್ಟಲು ಕಾರು ಮತ್ತು ಮೂರು ದಿನ ಬೇಕು. ‘ಮೇಯರ್’ ಹಾಗಲ್ಲ, ಅದರ ಹೆಚ್ಚಿನ ಭಾಗ ಈ ಊರಿನ ನಾಲ್ಕೈದು ಬೀದಿಗಳೊಳಗೇ ನಡೆಯುತ್ತದೆ. ಆ ಬೀದಿಗಳು ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇವೆ. ಕಾದಂಬರಿಯನ್ನೇ ನಕ್ಷೆಯಾಗಿ ಹಿಡಿದು ನಡೆಯಬಹುದಾದ ಇಂಥ ಊರು ಇಂಗ್ಲೆಂಡಿನಲ್ಲೂ ಅಪರೂಪ.

ಇಡೀ ಕಾದಂಬರಿ ಓದಲು ಪುರುಸೊತ್ತಿಲ್ಲದವರು ಮೊದಲ ಪತ್ನಿ ಎಮ್ಮಾ ತೀರಿಕೊಂಡ ಮೇಲೆ, 1912–13ರಲ್ಲಿ, ಹಾರ್ಡಿ ಬರೆದ ಕವಿತೆಗಳನ್ನಾದರೂ ಓದಲಿ. ಅವರಿಬ್ಬರೂ ಬಾಳಿದ ಮ್ಯಾಕ್ಸ್ ಗೇಟ್ ಮನೆ ನೋಡುವಾಗ ಅವು ಬೇಕಾಗುತ್ತವೆ.

ಲಂಡನ್‌ನಿಂದ ಹೋಗುವುದು ಹೇಗೆ?

ವಾಟರ್‌ಲೂ ಸ್ಟೇಷನ್‌ನಿಂದ ವೇಮತ್‌ಗೆ ಹೋಗುವ ರೈಲು ಹತ್ತಿ ಡಾರ್ಚೆಸ್ಟರ್ ಸೌತ್‌ನಲ್ಲಿ ಇಳಿಯಿರಿ. ನೇರ ರೈಲು, ಸುಮಾರು ಎರಡು ಮುಕ್ಕಾಲು ಗಂಟೆ. ಸೌತಾಂಪ್ಟನ್, ಬೋರ್ನ್‌ಮತ್, ಪೂಲ್ ದಾಟಿ ಬರುತ್ತದೆ.

ಎಡವಟ್ಟಾಗುವುದು ಮೂರು ಕಡೆ. ಲಂಡನ್ ಮೆಟ್ರೋದಲ್ಲಿ ಕಾರ್ಡ್ ತಾಗಿಸಿ ಓಡಾಡುವ ಅಭ್ಯಾಸವಾದವರು ವಾಟರ್‌ಲೂ ಗೇಟಿನಲ್ಲೂ ಹಾಗೇ ತಾಗಿಸಿ ಒಳಗೆ ಹೋಗಿಬಿಡುತ್ತಾರೆ. ಆ ವ್ಯವಸ್ಥೆ ಡಾರ್ಸೆಟ್‌ವರೆಗೆ ಇಲ್ಲ. ಮೊದಲೇ ಟಿಕೆಟ್ ತೆಗೆದುಕೊಳ್ಳದಿದ್ದರೆ ದಂಡ ಬೀಳಬಹುದು. ಎರಡನೆಯದಾಗಿ, ಕೆಲವು ರೈಲುಗಳ ಹಿಂದಿನ ಬೋಗಿಗಳನ್ನು ದಾರಿಯಲ್ಲಿ ಕಳಚುತ್ತಾರೆ. ವೇಮತ್‌ಗೆ ಯಾವ ಬೋಗಿಗಳು ಹೋಗುತ್ತವೆ ಎಂಬುದನ್ನು ಬೋರ್ಡಿನಲ್ಲೂ ರೈಲಿನೊಳಗೂ ಹೇಳುತ್ತಾರೆ, ಕೇಳಿಸಿಕೊಂಡು ಕುಳಿತುಕೊಳ್ಳಿ. ಸಾಮಾನ್ಯವಾಗಿ ಮುಂದಿನ ಬೋಗಿಗಳೇ ಸುರಕ್ಷಿತ. ಮೂರನೆಯದು ಭಾನುವಾರದ ಹಳಿ ದುರಸ್ತಿ. ಅರ್ಧ ದಾರಿ ರೈಲು, ಉಳಿದರ್ಧ ಬಸ್ ಎಂದಾದರೆ ಒಂದು ಗಂಟೆಗೂ ಮೀರಿ ತಡವಾಗುತ್ತದೆ. ಹೊರಡುವ ಹಿಂದಿನ ದಿನ ನ್ಯಾಷನಲ್ ರೈಲ್ ತಾಣದಲ್ಲಿ ನೋಡಿಬಿಡಿ. ಡಿಸೆಂಬರ್ 25ರಂದು ರೈಲೇ ಇರುವುದಿಲ್ಲ.

ಇಬ್ಬರು ಜೊತೆಯಾಗಿ ಓಡಾಡುವವರಿಗೆ ‘ಟು ಟುಗೆದರ್’ ರೈಲ್‌ಕಾರ್ಡ್ ಲಾಭದಾಯಕ. ಮೂರನೇ ಒಂದು ಭಾಗ ಕಡಿತ ಸಿಗುತ್ತದೆ, ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.30ಕ್ಕೆ ಮುಂಚಿನ ರೈಲುಗಳಿಗೆ ಅನ್ವಯಿಸುವುದಿಲ್ಲ.

ಡಾರ್ಚೆಸ್ಟರ್ ಸೌತ್, ಡಾರ್ಚೆಸ್ಟರ್ ವೆಸ್ಟ್: ಎರಡು ಸ್ಟೇಷನ್ ಏಕೆ?

ಎರಡು ಬೇರೆ ಬೇರೆ ರೈಲು ಕಂಪನಿಗಳು ಹತ್ತೊಂಬತ್ತನೇ ಶತಮಾನದಲ್ಲಿ ತಮ್ಮ ತಮ್ಮ ಹಳಿ ಹಾಕಿದ್ದರ ಫಲ. ಲಂಡನ್ ರೈಲು ಸೌತ್‌ಗೆ, ಬ್ರಿಸ್ಟಲ್ ಮತ್ತು ಬಾತ್ ಕಡೆಯ ರೈಲು ವೆಸ್ಟ್‌ಗೆ. ಎರಡರ ನಡುವೆ ನಡೆದರೆ ಹತ್ತು ನಿಮಿಷವೂ ಬೇಡ. ವೆಸ್ಟ್‌ನಲ್ಲಿ ರೈಲುಗಳು ವಿರಳ, ಒಂದು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆಗೂ ಹೆಚ್ಚು ಕಾಯಬೇಕಾದೀತು.

ಲಂಡನ್‌ನಿಂದ ಒಂದೇ ದಿನದಲ್ಲಿ ಹೋಗಿಬರಬಹುದೇ?

ಬರಬಹುದು, ಆದರೆ ಐದೂವರೆ ಗಂಟೆ ರೈಲಿನಲ್ಲೇ ಕಳೆಯುತ್ತದೆ. ಉಳಿದ ಹೊತ್ತಿನಲ್ಲಿ ಊರಿನ ನಡಿಗೆ, ಮ್ಯೂಸಿಯಂ ಮತ್ತು ಮ್ಯಾಕ್ಸ್ ಗೇಟ್ ಮುಗಿಸಬಹುದು. ಹಾರ್ಡಿ ಹುಟ್ಟಿದ ಮನೆ, ಅವನ ಹೃದಯವನ್ನು ಹೂತ ಸ್ಟಿನ್ಸ್‌ಫರ್ಡ್ ಚರ್ಚು, ಕಬ್ಬಿಣಯುಗದ ಕೋಟೆ ಮೇಡನ್ ಕ್ಯಾಸಲ್ ಕೂಡ ಬೇಕೆಂದರೆ ಎರಡು ರಾತ್ರಿ ಉಳಿಯಿರಿ. ಒಂದೇ ದಿನದಲ್ಲಿ ಸ್ಟೋನ್‌ಹೆಂಜ್ ಕೂಡ ಸೇರಿಸಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ಎರಡೂ ಅರೆಬರೆಯಾಗುತ್ತವೆ.

ಯಾವ ತಿಂಗಳು, ಯಾವ ವಾರ ಒಳ್ಳೆಯದು?

ಮೇ ತಿಂಗಳಿಂದ ಸೆಪ್ಟೆಂಬರ್. ಜೂನ್ ಮಧ್ಯದಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಜೂನ್ 2 ಹಾರ್ಡಿ ಹುಟ್ಟಿದ ದಿನ.

ವಾರದ ದಿನ ಇನ್ನೂ ಮುಖ್ಯ. ಸಂತೆ ನಡೆಯುವುದು ಬುಧವಾರ, ಫೇರ್‌ಫೀಲ್ಡ್ ಮೈದಾನದಲ್ಲಿ, ಸೌತ್ ಸ್ಟೇಷನ್‌ನಿಂದ ಕೂಗಳತೆಯಲ್ಲಿ. ದನ, ಕಾಳುಕಡಿಯ ಸಂತೆಯೆಂದು ಎಣಿಸಬೇಡಿ. ಈಗ ಅಲ್ಲಿರುವುದು ತರಕಾರಿ, ಬಟ್ಟೆ, ಹಳೆ ಸಾಮಾನು, ಗಿಡಗಳು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿ ಎತ್ತಲು ಶುರುಮಾಡುತ್ತಾರೆ.

ಹಾರ್ಡಿಯ ಎರಡೂ ಮನೆಗಳು, ಹುಟ್ಟಿದ ಮನೆ ಮತ್ತು ಮ್ಯಾಕ್ಸ್ ಗೇಟ್, ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ವಶದಲ್ಲಿವೆ. ಇವು ವರ್ಷವಿಡೀ, ವಾರವಿಡೀ ತೆರೆದಿರುವುದಿಲ್ಲ, ತೆರೆಯುವ ದಿನಗಳು ಋತುವಿನಿಂದ ಋತುವಿಗೆ ಬದಲಾಗುತ್ತವೆ. ಆದ್ದರಿಂದ ಮೊದಲು ಟ್ರಸ್ಟ್‌ನ ತಾಣದಲ್ಲಿ ಎರಡೂ ಮನೆ ತೆರೆದಿರುವ ದಿನ ಹುಡುಕಿ, ಆಮೇಲೆ ರೈಲು, ಕೊನೆಗೆ ಹೋಟೆಲ್ ಬುಕ್ ಮಾಡಿ. ಇದನ್ನು ತಿರುಗುಮುರುಗು ಮಾಡಿದವರು ಮುಚ್ಚಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಊರೊಳಗೆ ಯಾವ ದಾರಿಯಲ್ಲಿ ನಡೆಯಬೇಕು?

ಎಲ್ಲ ಸೇರಿ ನಾಲ್ಕು ಕಿಲೋಮೀಟರ್ ಆಸುಪಾಸು. ಮ್ಯೂಸಿಯಂ ಬಿಟ್ಟು ಮೂರು ಗಂಟೆ ಇಟ್ಟುಕೊಳ್ಳಿ.

ಸೌತ್ ಸ್ಟೇಷನ್‌ನಿಂದ ಹೊರಬಿದ್ದು ಮೊದಲು ಊರಿಗೆ ಬೆನ್ನು ಹಾಕಿ ಮಾಂಬರಿ ರಿಂಗ್ಸ್‌ಗೆ ಹೋಗಿ, ಐದು ನಿಮಿಷದ ದಾರಿ. ಹುಲ್ಲು ಬೆಳೆದ ದುಂಡನೆಯ ಮಣ್ಣಿನ ದಿಬ್ಬ, ಒಳಗೆ ಬಯಲು. ನವಶಿಲಾಯುಗದಲ್ಲಿ ಕಟ್ಟಿದ್ದನ್ನು ರೋಮನ್ನರು ಕ್ರೀಡಾಂಗಣ ಮಾಡಿಕೊಂಡರು, ಹದಿನೇಳನೇ ಶತಮಾನದ ಅಂತರ್ಯುದ್ಧದಲ್ಲಿ ಅದು ಕೋಟೆಯಾಯಿತು. ‘ಮೇಯರ್’ ಕಾದಂಬರಿಯಲ್ಲಿ ಕಥಾನಾಯಕ, ಮೇಯರ್ ಹೆಂಚರ್ಡ್ ತಾನು ಮಾರಿದ್ದ ಹೆಂಡತಿ ಸೂಸನ್‌ಳನ್ನು ವರ್ಷಗಳ ಮೇಲೆ ಗುಟ್ಟಾಗಿ ಕಾಣುವುದು ಇಲ್ಲೇ. ಒಳಗೆ ನಿಂತರೆ ಆ ಜಾಗವನ್ನೇ ಏಕೆ ಆರಿಸಿದ ಎಂಬುದು ತಿಳಿಯುತ್ತದೆ: ದಿಬ್ಬದ ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ. ಪ್ರವೇಶ ಉಚಿತ.

ಅಲ್ಲಿಂದ ಹಿಂದಿರುಗಿ, ಹಳೆಯ ಎಲ್‌ಡ್ರಿಜ್ ಪೋಪ್ ಬಿಯರ್ ಕಾರ್ಖಾನೆಯಿದ್ದ ಬ್ರೂವರಿ ಸ್ಕ್ವೇರ್ ಹಾದು ಸೌತ್ ಸ್ಟ್ರೀಟ್ ಹಿಡಿಯಿರಿ. ಇದು ಪೇಟೆ ಬೀದಿ. ಅಂಗಡಿಗಳ ನಾಮಫಲಕ ನೋಡುತ್ತ ಹೋದರೆ ಎಲ್ಲ ಊರಿನಂತೆಯೇ, ಕತ್ತೆತ್ತಿ ಮೇಲಿನ ಅಂತಸ್ತುಗಳನ್ನು ನೋಡಿ. 39ನೇ ನಂಬರಿನಲ್ಲಿ ವಾಸ್ತುಶಿಲ್ಪಿ ಜಾನ್ ಹಿಕ್ಸ್‌ನ ಕಚೇರಿ ಇತ್ತು, ಹದಿನಾರರ ಹಾರ್ಡಿ 1856ರಲ್ಲಿ ಕೆಲಸ ಕಲಿಯಲು ಸೇರಿದ್ದು ಅಲ್ಲಿಗೆ. ಪಕ್ಕದಲ್ಲೇ ಡಾರ್ಸೆಟ್ ಆಡುನುಡಿಯ ಕವಿ ವಿಲಿಯಂ ಬಾರ್ನ್ಸ್‌ನ ಶಾಲೆ. ವ್ಯಾಕರಣದ ಜಗಳ ಬಂದಾಗ ಹಾರ್ಡಿ ಅಲ್ಲಿಗೆ ಓಡುತ್ತಿದ್ದನಂತೆ. ಅದೇ ಬೀದಿಯಲ್ಲಿ 1616ರ ನ್ಯಾಪರ್ಸ್ ಮೈಟ್ ಇದೆ, ಬಡ ವೃದ್ಧರಿಗಾಗಿ ಕಟ್ಟಿಸಿದ ಆಶ್ರಯ. 1613ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋದ ಕಾರಣ ಅದಕ್ಕಿಂತ ಹಳೆಯ ಮನೆಗಳು ಕಡಿಮೆ.

ಬೀದಿಯ ಮೇಲ್ತುದಿಗೆ 10ನೇ ನಂಬರಿನ ಇಟ್ಟಿಗೆ ಕಟ್ಟಡ, ಹೆಂಚರ್ಡ್‌ನ ಮನೆಯೆಂದು ಹೇಳುವ ‘ಮೇಯರ್ ಮನೆ’. ನೀಲಿ ಫಲಕವಿದೆ. ಮುಂದೆ ಕಾರ್ನ್‌ಹಿಲ್. ಅಲ್ಲಿ 1784ರ ಕಲ್ಲಿನ ಕಂಬ, ಅದೇ ಟೌನ್ ಪಂಪ್. ಎದುರಿಗೆ ಸೇಂಟ್ ಪೀಟರ್ಸ್ ಚರ್ಚು, ಅದರ ಮುಂದೆ ಬಾರ್ನ್ಸ್‌ನ ಪ್ರತಿಮೆ. ಎಳೆಯ ಹಾರ್ಡಿ ಬರೆದ ಆ ಚರ್ಚಿನ ನಕಾಶೆಯನ್ನು ಒಳಗೆ ತೂಗುಹಾಕಿದ್ದಾರೆ, ನೋಡದೆ ಬರಬೇಡಿ.

ಇಲ್ಲಿಂದ ಬಲಕ್ಕೆ ಇಳಿಜಾರು, ಹೈ ಈಸ್ಟ್ ಸ್ಟ್ರೀಟ್. ಕಾರ್ನ್ ಎಕ್ಸ್‌ಚೇಂಜ್ ದಾಟಿದರೆ ಕಿಂಗ್ಸ್ ಆರ್ಮ್ಸ್ ಹೋಟೆಲ್. ಬಾಗಿಲ ಮೇಲೆ ಹೊರಚಾಚಿದ ಆ ದೊಡ್ಡ ಕಿಟಕಿಯ ಒಳಗೇ ಮೇಯರ್‌ನ ಔತಣ ನಡೆಯುವುದು, ಬೀದಿಯಲ್ಲಿ ನಿಂತ ಸೂಸನ್ ಅದನ್ನು ಕತ್ತೆತ್ತಿ ನೋಡುವುದು. ಎದುರಿನ ಕಾಲುದಾರಿಯಲ್ಲಿ ನಿಂತರೆ ನೋಟ ಸರಿಯಾಗಿ ಸಿಗುತ್ತದೆ. ಇನ್ನೂ ಕೆಳಗೆ ಎರಡು ಸೇತುವೆಗಳಿವೆ. ಊರಿನಂಚಿನದು ಇಟ್ಟಿಗೆಯದು, ಅದರಾಚೆಯದು ಕಲ್ಲಿನ ಗ್ರೇಸ್ ಬ್ರಿಜ್. ಬದುಕಿನಲ್ಲಿ ಸೋತವರಲ್ಲಿ ಯಾರು ಯಾವ ಸೇತುವೆಗೆ ಒರಗಿ ನಿಲ್ಲುತ್ತಾರೆ ಎಂದು ಕಾದಂಬರಿಕಾರ ಬಿಡಿಸಿಟ್ಟ ಭಾಗವನ್ನು ಇಲ್ಲಿ ನಿಂತು ಓದಿ.

ಮತ್ತೆ ಏರು ಹತ್ತಿ ಹೈ ವೆಸ್ಟ್ ಸ್ಟ್ರೀಟ್. ಮ್ಯೂಸಿಯಂ ಬಿಟ್ಟು ಮುಂದೆ 1797ರ ಶೈರ್ ಹಾಲ್. ಹಾರ್ಡಿ ಮ್ಯಾಜಿಸ್ಟ್ರೇಟ್ ಆಗಿ ಕುಳಿತ ನ್ಯಾಯಾಲಯ, ಈಗ ವಸ್ತುಸಂಗ್ರಹಾಲಯ. 1834ರಲ್ಲಿ ಟಾಲ್‌ಪಡ್ಲ್ ಹಳ್ಳಿಯ ಆರು ಕೃಷಿಕಾರ್ಮಿಕರನ್ನು, ಸಂಘ ಕಟ್ಟಿ ಗುಟ್ಟಿನ ಪ್ರಮಾಣ ಮಾಡಿದರೆಂದು, ಏಳು ವರ್ಷ ಗಡೀಪಾರು ಮಾಡಿದ್ದು ಇಲ್ಲೇ. ಕಟಕಟೆಯಲ್ಲಿ ನಿಂತು ನೋಡಬಹುದು, ಕೆಳಗಿನ ಕತ್ತಲೆ ಕೋಣೆಗಳಿಗೂ ಇಳಿಯಬಹುದು. ಬೀದಿಯ ತುದಿಯಲ್ಲಿ ಟಾಪ್ ಓ’ ಟೌನ್, ಅಲ್ಲಿ ಕುಳಿತ ಹಾರ್ಡಿಯ ಕಂಚಿನ ಪ್ರತಿಮೆ (1931).

ಅಲ್ಲಿಂದ ಮರಗಳ ಸಾಲಿನ ಕಾಲುದಾರಿ ಹಿಡಿದು ಕೆಳಗಿಳಿಯಿರಿ. ಇವು ರೋಮನ್ ಕೋಟೆಗೋಡೆಯ ಗೆರೆಯ ಮೇಲೇ ಇರುವ ದಾರಿಗಳು. ಕೌಂಟಿ ಹಾಲ್ ಹಿಂಭಾಗದಲ್ಲಿ ರೋಮನ್ ಟೌನ್ ಹೌಸ್, ಗಾಜಿನ ಗೋಡೆಯಾಚೆ ಮೊಸಾಯಿಕ್ ನೆಲ ಕಾಣುತ್ತದೆ, ಉಚಿತ. ನದಿದಂಡೆಯಲ್ಲಿ ಹ್ಯಾಂಗ್‌ಮನ್ಸ್ ಕಾಟೇಜ್, ಎಂದರೆ ಗಲ್ಲಿಗೇರಿಸುವವನ ಮನೆ. ಅದು ಜನ ವಾಸವಿರುವ ಖಾಸಗಿ ಮನೆ, ದೂರದಿಂದ ನೋಡಿ ಮುಂದೆ ಸಾಗಿ.

ಮೇಯರ್ ಮನೆಯೊಳಗೆ ಹೋಗಬಹುದೇ? ಲುಸೆಟ್ಟಾಳ ಮನೆ ಎಲ್ಲಿ?

ಮೇಯರ್ ಮನೆಯನ್ನು ಹೊರಗಿನಿಂದ ನೋಡುವುದಷ್ಟೇ. ಅದು ಬಹುಕಾಲ ಬ್ಯಾಂಕ್ ಆಗಿದ್ದ ಕಟ್ಟಡ, ಒಳಗೆ ಕಾದಂಬರಿಗೆ ಸಂಬಂಧಿಸಿದ್ದು ಏನೂ ಇಲ್ಲ. ಕಾದಂಬರಿಯಲ್ಲಿ ಹೆಂಚರ್ಡ್‌ನ ಹಳೆಯ ಪ್ರೇಯಸಿ ಲುಸೆಟ್ಟಾ, ಅವಳ ಮನೆಗೆ ಮಾದರಿ ಕೊಲಿಟನ್ ಹೌಸ್. ಕಾದಂಬರಿಯಲ್ಲಿ ಅವಳ ಕಿಟಕಿಯಿಂದ ಸಂತೆ ಕಾಣುತ್ತದೆ, ಕೊಲಿಟನ್ ಹೌಸ್‌ನಿಂದ ಕಾಣದು. ಕಥೆಗೆ ಬೇಕೆಂದು ಹಾರ್ಡಿ ಇಡೀ ಮನೆಯನ್ನೇ ಎತ್ತಿ ಪೇಟೆಗೆ ತಂದಿಟ್ಟಿದ್ದಾನೆ. ನಕ್ಷೆ ಹಿಡಿದು ಗೊಂದಲಕ್ಕೀಡಾಗುವವರು ಹೆಚ್ಚಾಗಿ ಇಲ್ಲೇ.

ಮ್ಯೂಸಿಯಂ, ಮ್ಯಾಕ್ಸ್ ಗೇಟ್, ಹುಟ್ಟಿದ ಮನೆ: ಒಂದನ್ನೇ ನೋಡುವುದಾದರೆ?

ಡಾರ್ಸೆಟ್ ಮ್ಯೂಸಿಯಂ. ಹಾರ್ಡಿಯ ಬರೆಯುವ ಕೋಣೆಯ ಮೇಜು, ಪುಸ್ತಕ, ಪಿಟೀಲು ಎಲ್ಲವನ್ನೂ ಅಲ್ಲಿ ಮರುಜೋಡಿಸಿದ್ದಾರೆ. ‘ಮೇಯರ್’ ಕಾದಂಬರಿಯ ಹಸ್ತಪ್ರತಿಯೂ ಆ ಸಂಗ್ರಹದ್ದೇ. 2021ರಲ್ಲಿ ಹೊಸದಾಗಿ ತೆರೆದ ಮೇಲೆ ವಿಶಾಲವಾಗಿದೆ.

ಮ್ಯಾಕ್ಸ್ ಗೇಟ್‌ಗೆ ಹೋದವರ ನಿರಾಶೆಯ ಕಾರಣವೂ ಇದೇ. ಹಾರ್ಡಿ ತಾನೇ ನಕಾಶೆ ಬರೆದು ಕಟ್ಟಿಸಿ, 1885ರಿಂದ 1928ರಲ್ಲಿ ಸಾಯುವವರೆಗೆ ಬಾಳಿದ ಮನೆ ಅದು. ‘ಟೆಸ್’ ಬರೆದದ್ದು ಅಲ್ಲೇ. ಆದರೆ ಬರೆಯುವ ಕೋಣೆಯ ಅಸಲಿ ವಸ್ತುಗಳು ಮ್ಯೂಸಿಯಂಗೆ ಹೋಗಿವೆ. ಮೊದಲು ಮ್ಯೂಸಿಯಂ, ಆಮೇಲೆ ಮನೆ ಎಂದಿಟ್ಟುಕೊಂಡರೆ ಖಾಲಿ ಕೋಣೆ ಖಾಲಿ ಅನ್ನಿಸುವುದಿಲ್ಲ. ಅಲ್ಲಿ ತಪ್ಪದೆ ನೋಡಬೇಕಾದದ್ದು ಎಮ್ಮಾ ಕೊನೆಯ ವರ್ಷಗಳಲ್ಲಿ ಗಂಡನಿಂದ ದೂರವಾಗಿ ಉಳಿದ ಅಟ್ಟದ ಕೋಣೆಗಳು. ತೋಟದಲ್ಲಿ ಸಾಕುಪ್ರಾಣಿಗಳ ಸಮಾಧಿಗಳಿವೆ, ಅತಿಥಿಗಳನ್ನು ಕಚ್ಚುವುದಕ್ಕೆ ಹೆಸರಾಗಿದ್ದ ‘ವೆಸೆಕ್ಸ್’ ನಾಯಿಯದೂ ಸೇರಿ. ಊರ ನಡುವಿನಿಂದ ನಡೆದರೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ.

ಹುಟ್ಟಿದ ಮನೆಗೆ ಕಾರಿಲ್ಲದೆ ಹೋಗಬಹುದೇ?

ಆ ಮನೆ ಇರುವ ಹೈಯರ್ ಬಾಕ್‌ಹ್ಯಾಂಪ್ಟನ್ ಹಳ್ಳಿ ಡಾರ್ಚೆಸ್ಟರ್‌ನಿಂದ ಈಶಾನ್ಯಕ್ಕೆ ಸುಮಾರು ಐದು ಕಿಲೋಮೀಟರ್. ಟ್ಯಾಕ್ಸಿಯಲ್ಲಿ ಹೋಗುವುದಾದರೆ ವಾಪಸಾತಿಗೂ ಆಗಲೇ ಹೇಳಿಡಿ, ಅಲ್ಲಿ ಕೈಮಾಡಿದರೆ ನಿಲ್ಲುವ ಟ್ಯಾಕ್ಸಿ ಇಲ್ಲ.

ಕಾಲು ಗಟ್ಟಿಯಿದ್ದವರಿಗೆ ನಡಿಗೆಯೇ ಚೆಂದ. ಗ್ರೇಸ್ ಬ್ರಿಜ್ ದಾಟಿ ಸ್ಟಿನ್ಸ್‌ಫರ್ಡ್ ಚರ್ಚು, ನದಿಯ ಜೊತೆಜೊತೆಗೆ ಲೋಯರ್ ಬಾಕ್‌ಹ್ಯಾಂಪ್ಟನ್, ಅಲ್ಲಿಂದ ಏರು ದಾರಿ. ಒಂದೂವರೆ ಗಂಟೆ ಸಾಕು. ದೊಡ್ಡ ರಸ್ತೆ ಎ35ರ ಅಂಚಿನಲ್ಲಿ ನಡೆಯಬೇಡಿ, ಲಾರಿಗಳ ಓಡಾಟ ಜೋರು. ಮಳೆಗಾಲವೆಂಬುದು ಅಲ್ಲಿ ಬೇರೆ ಇಲ್ಲ. ಚಳಿಗಾಲದಲ್ಲಿ ಹೊಳೆಬದಿಯ ಗದ್ದೆಗಳು ನೀರು ನಿಂತು ಕೆಸರಾಗುತ್ತವೆ, ಕ್ಯಾನ್ವಾಸ್ ಶೂ ನಡೆಯದು.

ಕಾರಿನವರು ಥಾರ್ನ್‌ಕೂಂಬ್ ವುಡ್ ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ಕಾಡಿನೊಳಗೆ ಹತ್ತು ಹದಿನೈದು ನಿಮಿಷ ನಡೆಯಬೇಕು. ಪಾರ್ಕಿಂಗ್ ಸ್ಥಳೀಯ ಆಡಳಿತದ್ದು, ಆದ್ದರಿಂದ ನ್ಯಾಷನಲ್ ಟ್ರಸ್ಟ್ ಸದಸ್ಯರೂ ದುಡ್ಡು ಕೊಡಬೇಕು. ಶೌಚಾಲಯ, ಚಹಾ ಅಲ್ಲಿನ ಸಂದರ್ಶಕರ ಕೇಂದ್ರದಲ್ಲೇ ಮುಗಿಸಿಕೊಳ್ಳಿ.

ಮನೆಯನ್ನು 1800ರಲ್ಲಿ ಹಾರ್ಡಿಯ ಮುತ್ತಜ್ಜ ಕಟ್ಟಿಸಿದ್ದು. ಮಣ್ಣು, ಹುಲ್ಲು ಕಲಸಿ ಮೆತ್ತಿದ ದಪ್ಪ ಗೋಡೆ, ಹುಲ್ಲಿನ ಮಾಡು. ಮಲೆನಾಡಿನ ಹಳೆ ಸೋಗೆ ಮನೆ ಕಂಡವರಿಗೆ ಅಪರಿಚಿತ ಅನ್ನಿಸದು. ಬಾಗಿಲುಗಳು ಗಿಡ್ಡ, ಮೆಟ್ಟಿಲು ಕಡಿದು, ಕೋಣೆಗಳು ಕಿರಿದು. ಆರು ಜನ ನುಗ್ಗಿದರೆ ಉಸಿರಾಡಲು ಜಾಗವಿಲ್ಲ, ಆದ್ದರಿಂದ ತೆರೆಯುವ ಹೊತ್ತಿಗೇ ಹೋಗಿ. ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ (1874) ಬರೆದದ್ದು ಈ ಮನೆಯಲ್ಲಿ. ಗಾರೆ ಕೆಲಸದ ಗುತ್ತಿಗೆದಾರನಾಗಿದ್ದ ಅಪ್ಪ ಆಳುಗಳಿಗೆ ಕೂಲಿ ಬಟವಾಡೆ ಮಾಡುತ್ತಿದ್ದ ಪುಟ್ಟ ಕಿಟಕಿಯನ್ನು ಕೇಳಿ ತೋರಿಸಿಕೊಳ್ಳಿ.

ಹಾರ್ಡಿಯ ಸಮಾಧಿ ಎಲ್ಲಿದೆ?

ಎರಡು ಕಡೆ. ಚಿತಾಭಸ್ಮ ಲಂಡನ್‌ನ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ, ಹೃದಯ ಸ್ಟಿನ್ಸ್‌ಫರ್ಡ್‌ನ ಸೇಂಟ್ ಮೈಕೇಲ್ಸ್ ಚರ್ಚಿನಂಗಳದಲ್ಲಿ, ಎಮ್ಮಾಳ ಗೋರಿಯಲ್ಲಿ. ತನ್ನ ಊರಲ್ಲೇ ಮಣ್ಣಾಗಬೇಕೆಂಬುದು ಅವನ ಇಚ್ಛೆ, ದೇಶದ ಗೌರವ ಸಲ್ಲಬೇಕೆಂಬುದು ಲಂಡನ್ನಿನವರ ಹಟ. ಕೊನೆಗೆ ಹೀಗೆ ರಾಜಿಯಾಯಿತು, 1928ರ ಜನವರಿ 16ರಂದು ಎರಡೂ ಕಡೆ ಸಂಸ್ಕಾರ ನಡೆಯಿತು. ಹೃದಯವನ್ನು ಬೆಕ್ಕು ತಿಂದಿತೆಂಬ ಕಥೆ ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಪುರಾವೆ ಕೇಳಬೇಡಿ, ಇಲ್ಲ.

ಹಾರ್ಡಿಯ ಅಪ್ಪ, ಅಜ್ಜ ಈ ಚರ್ಚಿನಲ್ಲಿ ವಾದ್ಯ ನುಡಿಸುತ್ತಿದ್ದರು. ಅದೇ ಅಂಗಳದಲ್ಲಿ ಕವಿ ಸೆಸಿಲ್ ಡೇ-ಲೂಯಿಸ್‌ನ ಗೋರಿಯೂ ಇದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುವಾಗ ಒಳಗೆ ಸುತ್ತಾಡಲು ಹೋಗಬೇಡಿ.

ಮೇಡನ್ ಕ್ಯಾಸಲ್‌ಗೆ ಹೋಗಲೇಬೇಕೇ?

ಹೋಗಬೇಕು, ಕರ್ನಾಟಕದವರಂತೂ ಹೋಗಲೇಬೇಕು. ಬ್ರಿಟನ್ನಿನ ಅತಿ ದೊಡ್ಡ ಕಬ್ಬಿಣಯುಗದ ಬೆಟ್ಟಕೋಟೆಗಳಲ್ಲಿ ಒಂದು, ಒಳಬಯಲೇ ಸುಮಾರು 19 ಹೆಕ್ಟೇರ್. 1934ರಿಂದ 1937ರವರೆಗೆ ಇಲ್ಲಿ ಉತ್ಖನನ ನಡೆಸಿದವರು ಮಾರ್ಟಿಮರ್ ವೀಲರ್. ನೆಲವನ್ನು ಚೌಕ ಚೌಕವಾಗಿ ಹಂಚಿಕೊಂಡು, ನಡುವೆ ಮಣ್ಣಿನ ಗೋಡೆ ಉಳಿಸಿ, ಪದರ ಪದರವಾಗಿ ಅಗೆಯುವ ಕ್ರಮಕ್ಕೆ ಅವರು ಹೆಸರಾದರು. ಮುಂದೆ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದ್ದೂ ಇವರೇ. ಪೂರ್ವದ ಬಾಗಿಲಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ಅವರು ರೋಮನ್ ದಾಳಿಯ ಹತ್ಯಾಕಾಂಡವೆಂದು ಓದಿದರು. ನಂತರದ ಸಂಶೋಧಕರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ.

ಊರಿನಿಂದ ಮೂರು ಕಿಲೋಮೀಟರ್, ನಡೆದು ಮುಕ್ಕಾಲು ಗಂಟೆ. ಉಚಿತ. ನೀರು, ಅಂಗಡಿ, ನೆರಳು ಯಾವುದೂ ಇಲ್ಲ. ಗಾಳಿ ಜೋರು, ಕೊಡೆ ಮುರಿಯುತ್ತದೆ, ಮಳೆಯಂಗಿಯೇ ಸರಿ. ಪಶ್ಚಿಮದ ಬಾಗಿಲಿನಿಂದ ಹತ್ತಿ, ಹೊರದಿಬ್ಬಗಳ ಸುತ್ತು ನೋಡಲು ಒಂದೂವರೆ ಗಂಟೆ ಬೇಕು.

ಸಸ್ಯಾಹಾರಿಗಳ ಊಟದ ಗತಿ?

ತೊಂದರೆಯಿಲ್ಲ, ಹೊತ್ತು ಮಾತ್ರ ಕಾಯಬೇಕು. ಪಬ್ಬಿನ ಅಡುಗೆಮನೆ ಮಧ್ಯಾಹ್ನ ಎರಡೂವರೆ ಸುಮಾರಿಗೆ, ರಾತ್ರಿ ಒಂಬತ್ತರೊಳಗೆ ಮುಚ್ಚುವುದು ರೂಢಿ. ಪಟ್ಟಿಯಲ್ಲಿ ‘ವಿ’ ಗುರುತು ನೋಡಿ. ಗ್ರೇವಿ ಬೇರೆಯಾಗಿ ಕೇಳಿ, ಅದು ಹೆಚ್ಚಾಗಿ ಮಾಂಸದ ರಸ. ಕಟ್ಟುನಿಟ್ಟಿನವರು ಚೀಸ್ ಬಗ್ಗೆಯೂ ವಿಚಾರಿಸಬೇಕು, ಕೆಲವಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕಿರುತ್ತಾರೆ. ಮೊಟ್ಟೆ ತಿನ್ನುವವರು ಡಾರ್ಸೆಟ್ ಆ್ಯಪಲ್ ಕೇಕ್ ಬಿಡಬೇಡಿ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ತೆರೆದಿರುತ್ತವೆ, ಸಂಜೆಯ ಬ್ರೆಡ್ಡು ಹಾಲು ಮೊದಲೇ ತಂದಿಡಿ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ?

ಮ್ಯೂಸಿಯಂನಲ್ಲಿ ಲಿಫ್ಟ್ ಇದೆ. ಹುಟ್ಟಿದ ಮನೆಯ ಮಹಡಿ ಮಂಡಿನೋವಿನವರಿಗೆ ಆಗದು, ಕೆಳಗಿನ ಕೋಣೆ ಮತ್ತು ತೋಟ ನೋಡಿ ಕೂರಬಹುದು. ಹೈ ಈಸ್ಟ್ ಸ್ಟ್ರೀಟ್ ಇಳಿಯುವಾಗ ಸುಲಭ, ಏರುವಾಗ ಕಷ್ಟ. ಮಕ್ಕಳಿಗೆ ಹಾರ್ಡಿ ಬೇಕಿಲ್ಲ. ಮ್ಯೂಸಿಯಂನಲ್ಲಿರುವ ಪ್ಲಿಯೊಸಾರ್ ಎಂಬ ಕಡಲ ಸರೀಸೃಪದ 2.4 ಮೀಟರ್ ಉದ್ದದ ತಲೆಬುರುಡೆ ಸಾಕು.

ಭಾರತದ ಲೈಸೆನ್ಸ್‌ನಲ್ಲಿ ಕಾರು ಓಡಿಸಬಹುದೇ?

ಪ್ರವಾಸಿಗರು 12 ತಿಂಗಳವರೆಗೆ ಸಾಮಾನ್ಯ ಕಾರು ಓಡಿಸಬಹುದು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಊರೊಳಗೆ ಕಾರಿನ ಅಗತ್ಯವಿಲ್ಲ, ಟಾಪ್ ಓ’ ಟೌನ್ ಅಥವಾ ಫೇರ್‌ಫೀಲ್ಡ್ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆಯಿರಿ. ಬುಧವಾರ ಸಂತೆಯಿರುವುದರಿಂದ ಫೇರ್‌ಫೀಲ್ಡ್ ನೆಚ್ಚಿಕೊಳ್ಳಬೇಡಿ. ಹಳ್ಳಿದಾರಿಗಳು ಒಂದೇ ಕಾರಿನ ಅಗಲ, ಎರಡೂ ಬದಿ ಎತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯುವ ಅಭ್ಯಾಸವಿರಲಿ.

ಇನ್ನೊಂದು ದಿನ ಉಳಿದರೆ ರೈಲಿನಲ್ಲೇ ಏನು ನೋಡಬಹುದು?

ಅದೇ ಹಳಿಯ ಮೇಲೆ ಲಂಡನ್ ಕಡೆಗೆ ವೂಲ್ ಸ್ಟೇಷನ್ ಇದೆ. ಇಳಿದು ಸ್ವಲ್ಪ ನಡೆದರೆ ಹಳೆಯ ಕಲ್ಲುಸೇತುವೆ, ಅದರಾಚೆ ವೂಲ್‌ಬ್ರಿಜ್ ಮ್ಯಾನರ್. ಟೆಸ್ ಮತ್ತು ಏಂಜೆಲ್ ಮದುವೆಯ ರಾತ್ರಿ ಕಳೆಯುವ ಮನೆಗೆ ಮಾದರಿ, ಖಾಸಗಿ ಸ್ವತ್ತು, ಸೇತುವೆಯಿಂದಲೇ ನೋಡಬೇಕು. ವೂಲ್‌ಗೂ ಡಾರ್ಚೆಸ್ಟರ್‌ಗೂ ನಡುವೆ ಮೋರ್ಟನ್. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್‌ನನ್ನು 1935ರಲ್ಲಿ ಮಣ್ಣು ಮಾಡಿದ ಊರು, ಚರ್ಚಿನ ಕಿಟಕಿಗಳಿಗೆ ಲಾರೆನ್ಸ್ ವಿಸ್ಲರ್ ಕೆತ್ತಿದ ಗಾಜು. ಟಿ.ಇ. ಲಾರೆನ್ಸ್‌ನ ಗೋರಿ ಚರ್ಚಿನಂಗಳದಲ್ಲಿಲ್ಲ, ಸ್ವಲ್ಪ ದೂರದ ಬೇರೆ ಸ್ಮಶಾನದಲ್ಲಿದೆ. ಸ್ಟೇಷನ್‌ನಿಂದ ಹಳ್ಳಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ನಡಿಗೆ. ಈ ಎರಡೂ ಕಡೆ ಪ್ಲಾಟ್‌ಫಾರಂ ಗಿಡ್ಡ, ಎಲ್ಲ ಬೋಗಿಗಳ ಬಾಗಿಲು ತೆರೆಯುವುದಿಲ್ಲ. ಯಾವ ಬೋಗಿಯಿಂದ ಇಳಿಯಬೇಕೆಂದು ಹತ್ತುವಾಗಲೇ ಗಾರ್ಡ್‌ರನ್ನು ಕೇಳಿಬಿಡಿ.